ಬೌಂಟಿ ಇರಲಿ, ಪಾಲನೆಗೂ ಹಣ ಸಿಗಲಿ

ಮಾನ್ಯರೇ,

ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ಮುಕ್ತ ತಂತ್ರಾಂಶದಲ್ಲಿ ಒಂದೊಂದು ಕೆಲಸಕ್ಕೂ ಬಹುಮಾನ ಕಟ್ಟಿ ಮಾಡಿಸುವ 'ಬೌಂಟಿ' ಪದ್ಧತಿಯನ್ನೇ ಹಣಕಾಸಿನ ಮುಖ್ಯ ದಾರಿ ಎಂದುಕೊಳ್ಳುವುದು ಸರಿಯಲ್ಲ. ವರ್ಷಗಟ್ಟಲೆ ಯಾರೂ ಕೈಹಾಕದ ದೋಷವೊಂದು ಬಹುಮಾನ ಘೋಷಣೆಯಾದ ವಾರದಲ್ಲೇ ಬಗೆಹರಿಯುವುದುಂಟು, ಅದನ್ನು ಅಲ್ಲಗಳೆಯಲಾರೆ. ಆದರೆ ಆ ಕೋಡನ್ನು ಸಾಲು ಸಾಲಾಗಿ ಓದಿ, ತಿದ್ದಿಸಿ, ಸೇರಿಸಿಕೊಂಡು, ಮುಂದೆ ಅದು ಕೆಟ್ಟಾಗಲೆಲ್ಲ ರಿಪೇರಿ ಮಾಡುವ ನಿರ್ವಾಹಕನಿಗೆ ಬಹುತೇಕ ಬರಿಗೈಯೇ ಗತಿ. ಒಂದೇ ಬೌಂಟಿಗೆ ನಾಲ್ವರು ಬೆನ್ನುಹತ್ತಿದರೆ ಮೂವರ ಶ್ರಮ ನೀರುಪಾಲು. ಅವಸರದಲ್ಲಿ ಬರೆದ ನಾಲ್ಕನ್ನೂ ಓದುವ ಕರ್ಮ ಮಾತ್ರ ನಿರ್ವಾಹಕನದೇ.

2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡಲು ಜಾಲತಾಣಗಳ ದೊಡ್ಡ ಪಾಲು ನೆಚ್ಚಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶ ಬೆರಳೆಣಿಕೆಯ ಜನರ ಮೇಲೆ ನಿಂತಿತ್ತು. 2024ರ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ ಪ್ರಕರಣದಲ್ಲಂತೂ ಬಸವಳಿದಿದ್ದ ಒಬ್ಬ ನಿರ್ವಾಹಕನ ವಿಶ್ವಾಸ ಗಳಿಸಿಯೇ ಅದರೊಳಗೆ ಕಳ್ಳಪ್ರವೇಶದ ಹಿಂಬಾಗಿಲು ತೂರಿಸಲಾಯಿತು. ದಣಿವಿಗೆ ಯಾರೂ ಬೌಂಟಿ ಕಟ್ಟುವುದಿಲ್ಲವಲ್ಲ!

ಆದ್ದರಿಂದ ಬೌಂಟಿಯನ್ನು ಸ್ಪಷ್ಟ ಎಲ್ಲೆಯಿರುವ ಸಣ್ಣ ಕೆಲಸಗಳಿಗಷ್ಟೇ ಸೀಮಿತಗೊಳಿಸಿ, ಪ್ರತಿ ಬಹುಮಾನದ ಒಂದು ಪಾಲನ್ನು ಪರಿಶೀಲಿಸುವವರಿಗೆ ಮೀಸಲಿಡಬೇಕು. ಈ ತಂತ್ರಾಂಶಗಳಿಂದ ಲಾಭ ಪಡೆಯುವ ಕಂಪನಿಗಳು ನಿರ್ವಾಹಕರಿಗೆ ತಿಂಗಳ ಸಂಭಾವನೆ ನೀಡಲು ಮುಂದಾಗಲಿ.

– ಓರ್ವ ಓದುಗ