ಕಣ್ಣು ಬೇನೆಗೆ ಮೊದಲು ಬೇಕಿರುವುದು ನಲ್ಲಿ ನೀರು: ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮಸ್ಕಾರ. ಕಣ್ಣು ಬೇನೆ ಮತ್ತೆ ಮನೆ ಮನೆ ಸುತ್ತುತ್ತಿದೆ. ಮದ್ರಾಸ್ ಐ ಅನ್ನಿ, ಕೆಂಗಣ್ಣು ಅನ್ನಿ, ಪಾಡು ಒಂದೇ. ಬೆಳಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡಿರುತ್ತದೆ. ಕಣ್ಣೊಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ. "ಅವರ ಕಣ್ಣು ನೋಡ್ಬೇಡ, ನಿನಗೂ ಬರುತ್ತೆ" ಅಂತ ಹೇಳುವವರು ಈಗಲೂ ಇದ್ದಾರೆ. ನೀವು ಹೊರಡಿಸಿದ ಸೂಚನೆಯಲ್ಲೂ ಕಪ್ಪು ಕನ್ನಡಕವೇ ಮೊದಲ ಸಾಲು. ಕೈ ತೊಳೆಯುವ ಮಾತು ಕೊನೆಯಲ್ಲೆಲ್ಲೋ ಇದೆ.

ನೋಡಿದರೆ ಬರುವ ಕಾಯಿಲೆ ಇದಲ್ಲ, ಅಲ್ವಾ? ಕನ್ನಡಕ ಹಾಕಿದರೆ ಬೆಳಕು ಚುಚ್ಚುವುದು ಕಮ್ಮಿಯಾಗುತ್ತದೆ, ಅಷ್ಟೇ. ಕಣ್ಣು ಉಜ್ಜಿದ ಕೈ ಬಾಗಿಲ ಚಿಲಕ ಮುಟ್ಟುತ್ತದೆ, ಮೊಬೈಲ್ ಮುಟ್ಟುತ್ತದೆ, ಪಕ್ಕದವನ ಪೆನ್ಸಿಲ್ ಮುಟ್ಟುತ್ತದೆ. ಅಲ್ಲಿಂದ ಇನ್ನೊಂದು ಕೈ, ಇನ್ನೊಂದು ಕಣ್ಣು. ಜಾಸ್ತಿ ಸಲ ಇದನ್ನು ತರುವುದು ಅಡೆನೋವೈರಸ್. ಮೇಜು, ಚಿಲಕದಂಥ ಒಣ ವಸ್ತುವಿನ ಮೇಲೂ ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ಸ್ಯಾನಿಟೈಸರ್ ಒಡೆಯುವಂಥ ಕೊಬ್ಬಿನ ಹೊದಿಕೆ ಅದರ ಮೈಮೇಲೆ ಇಲ್ಲ. ಹಾಗಾಗಿ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ತೊಳೆಯಬೇಕು.

ಈಗ ನನ್ನ ಮಗಳ ಶಾಲೆಗೆ ಬನ್ನಿ. ಗೇಟಿನಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟಿದ್ದಾರೆ. ಶೌಚಾಲಯದ ನಲ್ಲಿಯಲ್ಲಿ ನೀರಿಲ್ಲ. ಮಗಳಿಗೆ ಕಣ್ಣು ಕೆಂಪಾಗಿ ಎರಡೇ ದಿನಕ್ಕೆ "ಡ್ರಾಪ್ಸ್ ಹಾಕಿ ಕಳಿಸಿ, ಪರೀಕ್ಷೆ ಇದೆ" ಅಂತ ಫೋನು ಬಂತು. ವೈರಸ್ಸಿನಿಂದ ಬಂದ ಬೇನೆಗೆ ಆಂಟಿಬಯೋಟಿಕ್ ಡ್ರಾಪ್ಸ್ ಕೆಲಸ ಮಾಡುವುದಿಲ್ಲ. ಸಾಮಾನ್ಯವಾಗಿ ಅದು ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಬ್ಯಾಕ್ಟೀರಿಯಾದಿಂದ ದಟ್ಟ ಕೀವು ಬಂದಿದ್ದರೆ ಡ್ರಾಪ್ಸ್‌ನಿಂದ ಉಪಯೋಗ ಉಂಟು. ಅಲರ್ಜಿಯದು ಬೇರೆಯವರಿಗೆ ಹರಡುವುದೇ ಇಲ್ಲ, ಅದರಲ್ಲಿ ತುರಿಕೆಯೇ ಜಾಸ್ತಿ. ಯಾವುದು ಯಾವುದು ಅಂತ ಫೋನಿನಲ್ಲಿ ಹೇಗೆ ಗೊತ್ತಾಗಬೇಕು?

ನಾನೂ ತಪ್ಪು ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಮಗಳ ಡ್ರಾಪ್ಸ್ ಬಾಟಲಿಯನ್ನೇ ನನ್ನ ಕಣ್ಣಿಗೂ ಬಿಟ್ಟುಕೊಂಡೆ, ಮುನ್ನೆಚ್ಚರಿಕೆ ಅಂದುಕೊಂಡು! ಬಾಟಲಿಯ ತುದಿ ರೆಪ್ಪೆಗೆ ತಾಗಿತ್ತು. ಟವೆಲ್ಲೂ ಒಂದೇ. ವಾರದೊಳಗೆ ನನಗೂ ಬಂತು, ಆಮೇಲೆ ನಮ್ಮ ಅಮ್ಮನಿಗೆ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ನಿಮ್ಮಿಂದ ಆಗಬೇಕಾದ್ದು ದೊಡ್ಡ ಕೆಲಸವೇನಲ್ಲ. ಎಲ್ಲ ಶಾಲೆ, ಅಂಗನವಾಡಿಯ ನಲ್ಲಿಗೆ ನೀರು, ಪಕ್ಕದಲ್ಲಿ ಸೋಪು ಬರಲಿ. ಕಣ್ಣಲ್ಲಿ ನೀರು ಸುರಿಯುತ್ತಿರುವ ಮಗು ಮನೆಯಲ್ಲಿದ್ದರೆ ಹಾಜರಾತಿ ಕತ್ತರಿಸಬೇಡಿ, ಪರೀಕ್ಷೆಯನ್ನು ಆಮೇಲೆ ಬರೆಸಲಿ. ಆಸ್ಪತ್ರೆಯಲ್ಲಿ ಕಣ್ಣು ಕೆಂಪಾದವರಿಗೆ ಬೇರೆ ಸಾಲು ಮಾಡಿ. ಕಣ್ಣಿನ ಚಿಕಿತ್ಸೆಗೆ ಹೋದ ಜಾಗದಲ್ಲೇ ಈ ಬೇನೆ ಅಂಟಿಸಿಕೊಂಡು ಬಂದವರಿದ್ದಾರೆ. ಡಾಕ್ಟರ ಚೀಟಿ ಇಲ್ಲದೆ ಸ್ಟೀರಾಯ್ಡ್ ಡ್ರಾಪ್ಸ್ ಕೊಡುವುದನ್ನು ನಿಲ್ಲಿಸಿ. ಹರ್ಪಿಸ್ ಅನ್ನುವ ಇನ್ನೊಂದು ವೈರಸ್ಸಿನ ಸೋಂಕು ಇದ್ದ ಕಣ್ಣಿಗೆ ಅದು ಬಿದ್ದರೆ ದೃಷ್ಟಿಗೇ ಕುತ್ತು.

ಹಾಗೇ ಸೂಚನೆಯನ್ನು ತಿದ್ದಿ ಬರೆಸಿ. ಜೋರು ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು ಇದ್ದರೆ ಕಾಯದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿ. ಹಸುಗೂಸಿಗೆ ಬಂದರೆ ಒಂದು ದಿನವೂ ತಡ ಮಾಡಬಾರದು ಅಂತಲೂ ಇರಲಿ. ಕನ್ನಡಕದ ಸಾಲು ಬೇಕಿದ್ದರೆ ಕೊನೆಗಿರಲಿ.

ಮುಂದಿನ ವಾರ ಶಾಲೆಗೆ ಹೋಗಿ ಆ ನಲ್ಲಿ ತಿರುಗಿಸಿ ನೋಡುತ್ತೇನೆ.

ಇಂತಿ,
ಒಬ್ಬ ತಾಯಿ