ಕತ್ತಲಾದ ಮೇಲೆ ತೆರೆಯುವ ಕೇಂದ್ರಕ್ಕೆ ನಿಮ್ಮ ನೆರವು ಬೇಕು

ಆತ್ಮೀಯರೇ,

ಕುಡಿಯುವ ಜಾಗಗಳ ಹತ್ತಿರ ಎಚ್‌ಐವಿ ತಡೆಯುವ ಕೇಂದ್ರವೊಂದನ್ನು ತೆರೆಯಬೇಕು ಅಂತ ದೇಣಿಗೆ ಕೇಳಲು ಹೋದಾಗಲೆಲ್ಲ ನಮಗೆ ಎದುರಾಗುವ ಮೊದಲ ಪ್ರಶ್ನೆ ಇದು: "ಕುಡಿದು ಹಾಳಾಗೋರಿಗೆ ನಾವ್ಯಾಕೆ ದುಡ್ಡು ಕೊಡಬೇಕು?" ಕೇಳಿದವರ ಮೇಲೆ ಸಿಟ್ಟಿಲ್ಲ. ಈ ಕೆಲಸಕ್ಕೆ ಇಳಿಯುವ ಮೊದಲು ನಮ್ಮಲ್ಲೂ ಕೆಲವರು ಹೀಗೇ ಕೇಳುತ್ತಿದ್ದರು. ಅದಕ್ಕೇ ಉತ್ತರವನ್ನು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇವೆ.

ಕುಡಿತದಿಂದಲೇ ಎಚ್‌ಐವಿ ಬರುವುದಿಲ್ಲ. ಸೋಂಕಿರುವವರ ಜೊತೆ ಒಂದೇ ಲೋಟದಲ್ಲಿ ಕುಡಿದರೂ ಬರುವುದಿಲ್ಲ. ವೈರಸ್ ದಾಟುವುದು ಮುಖ್ಯವಾಗಿ ರಕ್ತ, ವೀರ್ಯ, ಯೋನಿಸ್ರಾವ, ಎದೆಹಾಲಿನ ಮೂಲಕ. ಕುಡಿತ ಮಾಡುವ ಕೆಲಸವೇ ಬೇರೆ. ಅಮಲೇರಿದವನಿಗೆ ಕಣ್ಣೆದುರು ಇರುವುದಷ್ಟೇ ಕಾಣುತ್ತದೆ, ನಾಳೆ ಕಾಣುವುದಿಲ್ಲ. ಕಾಂಡೋಮ್ ಜೇಬಿನಲ್ಲೇ ಇದ್ದರೂ ಕೈ ಅತ್ತ ಹೋಗುವುದಿಲ್ಲ. ಎದುರಿನವರು ಬೇಡ ಅಂದದ್ದು ಕಿವಿಗೇ ಬೀಳುವುದಿಲ್ಲ.

ಆದರೆ ಅದೇ ಅಮಲು ಎಲ್ಲ ಜಾಗದಲ್ಲೂ ಒಂದೇ ಅಪಾಯ ತರುವುದಿಲ್ಲ. ಮನೆಯಲ್ಲಿ ಕುಡಿದವನು ಅಲ್ಲೇ ಮಲಗಿಬಿಡಬಹುದು. ಮನೆಯವರಿಂದ ದೂರ ಇರುವವನ ಸಂಜೆ ಹಾಗಿರುವುದಿಲ್ಲ. ಅವತ್ತೇ ಕೂಲಿ ಕೈಗೆ ಬಂದಿರುತ್ತದೆ. ಬೇಸರ ಕಳೆಯಲು ಇರುವುದು ಬಾರ್ ಒಂದೇ. ಗುರುತಿಲ್ಲದವರು ಜೊತೆಯಾಗುವುದೂ ಅಲ್ಲೇ. "ಕಾಂಡೋಮ್ ಎಲ್ಲಾ ಯಾಕೋ" ಅಂತ ನಗುವ ಗೆಳೆಯರು ಪಕ್ಕದಲ್ಲೇ ಕೂತಿರುತ್ತಾರೆ. ಕುಡಿಯಲು ತಂದುಕೊಡುವ ಹೆಣ್ಣುಮಗಳು ಗಿರಾಕಿ ಕೊಡುವ ಟಿಪ್ಸ್ ನಂಬಿ ಬದುಕುವವಳಾದರೆ, ಬೇಡ ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಪರೀಕ್ಷೆ ಮಾಡುವ ಆಸ್ಪತ್ರೆಗೆ ಅಷ್ಟು ಹೊತ್ತಿಗೆ ಬೀಗ ಬಿದ್ದಿರುತ್ತದೆ. ಇದರಲ್ಲಿ ಎಷ್ಟನ್ನು ಒಬ್ಬ ಮನುಷ್ಯನ ಚಟದ ಲೆಕ್ಕಕ್ಕೆ ಹಾಕುತ್ತೀರಿ?

ಇನ್ನು ಒಂದು ಹನಿಯನ್ನೂ ಮುಟ್ಟದವರ ಮಾತು. ಕುಡಿದು ಬಂದವನು ಕೈ ಮಾಡುವ ಮನೆಯಲ್ಲಿ ಹೆಂಡತಿ ಕಾಂಡೋಮ್ ವಿಷಯ ಎತ್ತುವುದಾದರೂ ಹೇಗೆ? ಸಂಗಾತಿಯಿಂದ ಹಿಂಸೆ ಅನುಭವಿಸಿದ ಹೆಂಗಸರಿಗೆ, ಜಗತ್ತಿನ ಕೆಲವು ಭಾಗಗಳಲ್ಲಿ, ಎಚ್‌ಐವಿ ತಗಲುವ ಸಾಧ್ಯತೆ ಉಳಿದವರಿಗಿಂತ 1.5 ಪಟ್ಟು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸೋಂಕು ಇದೆ ಅಂತ ಗೊತ್ತಾದ ಮೇಲೂ ಕುಡಿತ ಬೆನ್ನು ಬಿಡುವುದಿಲ್ಲ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯ ಜೊತೆ ಎಣ್ಣೆ ಸೇರಿದರೆ ವಿಷ ಅಂತ ಸುಮಾರು ಜನ ನಂಬಿದ್ದಾರೆ. ಹಾಗಾಗಿ ಕುಡಿಯುವ ದಿನ ಮಾತ್ರೆ ಬಿಡುತ್ತಾರೆ, ಎಣ್ಣೆ ಬಿಡುವುದಿಲ್ಲ! ಮಾತ್ರೆ ಪದೇ ಪದೇ ತಪ್ಪಿದರೆ ವೈರಸ್ ಮತ್ತೆ ಹೆಚ್ಚುತ್ತದೆ, ಔಷಧಿಗೇ ಜಗ್ಗದಂತೆ ಬದಲಾಗಲೂಬಹುದು. ಕುಡಿತ ಕಡಿಮೆ ಮಾಡಿ, ಆದರೆ ಕುಡಿದ ದಿನವೂ ಮಾತ್ರೆ ತಪ್ಪಿಸಬೇಡಿ. ಇಷ್ಟನ್ನು ಬೈಯದೆ ಹೇಳುವವರು ಬೇಕು. ದಿನವೂ ಮಾತ್ರೆ ತಗೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸೋಂಕು ಇನ್ನೊಬ್ಬರಿಗೆ ಹೋಗುವುದಿಲ್ಲ.

ಹಾಗಾದರೆ ಊರೂರಲ್ಲಿ ಭಾಷಣ ಮಾಡಿಸಿ ಅನ್ನುತ್ತಾರೆ ಕೆಲವರು. 1990ರ ಸುಮಾರಿಗೆ ಅಮೆರಿಕದ ಚಿಕ್ಕ ನಗರಗಳ ಬಾರ್‌ಗಳಲ್ಲಿ ಸಂಶೋಧಕರು ಇನ್ನೂ ಜಾಣ ದಾರಿ ಹಿಡಿದಿದ್ದರು. ಗಿರಾಕಿಗಳಲ್ಲಿ ಯಾರ ಮಾತಿಗೆ ತೂಕ ಜಾಸ್ತಿ ಅಂತ ಬಾರ್ ಕೆಲಸಗಾರರಿಂದಲೇ ತಿಳಿದು, ಅಂಥವರಿಗೆ ತರಬೇತಿ ಕೊಟ್ಟರು. ಅವರು ಎಚ್‌ಐವಿ ತಡೆಯುವ ಬಗ್ಗೆ ಗೆಳೆಯರ ಜೊತೆ ಮಾತಾಡಿದರು, ಫಲವೂ ಸಿಕ್ಕಿತು. ಮುಂದೆ ಚೀನಾ, ಭಾರತ, ಪೆರು, ರಷ್ಯಾ, ಜಿಂಬಾಬ್ವೆಯಲ್ಲಿ ಇದನ್ನೇ ದೊಡ್ಡದಾಗಿ ಮಾಡಿ ನೋಡಿದರು. 2010ರಲ್ಲಿ ಬಂದ ಫಲಿತಾಂಶ ಸೋಜಿಗದ್ದು. ಗೆಳೆಯರ ಮಾತು ಇದ್ದ ಕಡೆ, ಇಲ್ಲದ ಕಡೆ, ಎರಡೂ ಕಡೆ ಅಪಾಯ ಹೆಚ್ಚುಕಡಿಮೆ ಒಂದೇ ಥರ ಇಳಿದಿತ್ತು. ಎರಡೂ ಕಡೆ ಪರೀಕ್ಷೆ, ಲೈಂಗಿಕ ರೋಗಗಳಿಗೆ ಚಿಕಿತ್ಸೆ, ಕಾಂಡೋಮ್, ಮಾಹಿತಿ ಸಿಕ್ಕಿದ್ದವು. ಮಾತು ದಂಡ ಅಂತ ನಾವು ಹೇಳುತ್ತಿಲ್ಲ. ಆದರೆ ನಿಮ್ಮ ದುಡ್ಡನ್ನು ಮೈಕ್ ಸೆಟ್ಟಿಗೆ ಹಾಕಲು ಮನಸ್ಸು ಬರುತ್ತಿಲ್ಲ.

ನಮಗೆ ಬೇಕಿರುವುದು ಕುಡಿಯುವ ಜಾಗಗಳ ಹತ್ತಿರ, ಕತ್ತಲಾದ ಮೇಲೆ ತೆರೆದಿರುವ ಒಂದು ಚಿಕ್ಕ ಕೇಂದ್ರ. ಅಲ್ಲಿ ಪುಕ್ಕಟೆ ಪರೀಕ್ಷೆ, ಕೇಳದೆಯೇ ಕೈಗೆ ಸಿಗುವ ಕಾಂಡೋಮ್, ಹೊಡೆತ ತಿಂದು ಬಂದವರಿಗೆ ಕೂರಲು ಒಂದು ಕೋಣೆ. ತಡೆ ಔಷಧಿಯೂ ಇರಬೇಕು. ಅಪಾಯದ ಸಂಪರ್ಕ ಆದ 72 ಗಂಟೆಯೊಳಗೆ ಶುರುಮಾಡಿ 28 ದಿನ ತಗೊಂಡರೆ ಅದು ಸೋಂಕನ್ನು ತಡೆಯಬಲ್ಲದು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಶನಿವಾರ ರಾತ್ರಿ ಎಡವಿದವನಿಗೆ ಸೋಮವಾರ ಬಾ ಅನ್ನಲು ಆಗುವುದಿಲ್ಲ, ಅಲ್ವಾ?

ಒಂದು ವಿಷಯ ಮುಚ್ಚಿಡುವುದಿಲ್ಲ. ಜಾಸ್ತಿ ಖರ್ಚಾಗುವುದು ರಾತ್ರಿ ಕೂರುವ ನರ್ಸ್ ಮತ್ತು ಆಪ್ತ ಸಮಾಲೋಚಕರ ಸಂಬಳಕ್ಕೆ. ದಾನಿಗಳಿಗೆ ಫೋಟೋ ತೆಗೆದು ಕಳಿಸುವಂಥ ವಸ್ತು ಅದಲ್ಲ. ಬಂದವರ ಫೋಟೋವನ್ನಂತೂ ಯಾರಿಗೂ ಕಳಿಸುವುದಿಲ್ಲ, ಎಷ್ಟೇ ದೊಡ್ಡ ದೇಣಿಗೆ ಕೊಟ್ಟರೂ.

ತಿಂಗಳಿಗೊಮ್ಮೆ ಸ್ವಲ್ಪ ಕೊಟ್ಟರೂ ಸರಿ, ಒಂದೇ ಸಲ ಕೊಟ್ಟರೂ ಸರಿ. ರಸೀದಿ ಕೊಡುತ್ತೇವೆ, ವರ್ಷದ ಲೆಕ್ಕ ಕಳಿಸುತ್ತೇವೆ. ಹೆಸರು ಹಾಕಬೇಡಿ ಅಂದರೆ ಹಾಕುವುದಿಲ್ಲ. ಕೇಂದ್ರ ಶುರುವಾದ ಮೇಲೆ ಬಂದು ನೋಡುವುದಾದರೆ ಕತ್ತಲಾದ ಮೇಲೇ ಬನ್ನಿ. ಹಗಲಲ್ಲಿ ಬಾಗಿಲು ಹಾಕಿರುತ್ತದೆ.