ಕ್ಯಾರಿಯರ್ ಮಾರುವವರು ಭಾರ ಎಷ್ಟು ಅಂತ ಬರೆಯಲಿ

ಮಾನ್ಯ ಸಂಪಾದಕರೇ,

ಮುಂಗಾರಿಗೆ ಇನ್ನು ಹದಿನೈದು ದಿನ ಇರಬಹುದು. ನಮ್ಮ ಕಡೆ ಅಡಕೆ ತೋಟಕ್ಕೆ ಕೊಳೆ ರೋಗದ ಮೊದಲ ಔಷಧಿ ಹೊಡೆಯುವ ಗಡಿಬಿಡಿ. ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ನಿಂತು ನೋಡಿ. ಏಣಿ, ಪೈಪಿನ ಸುರುಳಿ, ದೋಟಿ, ನೀಲಿ ಡ್ರಮ್ಮು, ಎಲ್ಲವನ್ನೂ ತಲೆ ಮೇಲೆ ಹೊತ್ತ ಓಮ್ನಿ ವ್ಯಾನುಗಳು ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ. ಅದರಲ್ಲಿ ನನ್ನದೂ ಒಂದು. ಈ ಸಾಮಾನೆಲ್ಲ ನಿಂತಿರುವುದು ಕ್ಯಾರಿಯರ್ ಮೇಲೆ, ಅಂದರೆ ಗಾಡಿಯ ಮಾಡಿಗೆ (ಚಾವಣಿಗೆ) ಬಿಗಿದ ಪೈಪಿನ ಚೌಕಟ್ಟಿನ ಮೇಲೆ. ಅದು ಹೇಗೆ ನಿಂತಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ. ಹೋದ ವರ್ಷದವರೆಗೆ ನಾನೂ ನೋಡಿರಲಿಲ್ಲ.

ಹೋದ ಮೇ ತಿಂಗಳಲ್ಲಿ ಮೇಗರವಳ್ಳಿ ದಾಟಿ ಸ್ವಲ್ಪ ಮುಂದೆ ಒಂದು ದನ ಅಡ್ಡ ಬಂತು. ಗಕ್ಕನೆ ಬ್ರೇಕ್ ಹಾಕಿದೆ. ಗಾಡಿ ನಿಂತಿತು, ಕ್ಯಾರಿಯರ್ ನಿಲ್ಲಲಿಲ್ಲ. ಹತ್ತಡಿ ಏಣಿ ಕ್ಯಾರಿಯರ್ ಸಮೇತ ಜಾರಿ ಗಾಜಿನ ಮುಂದೆ ಹಾದು ರಸ್ತೆಗೆ ಬಿತ್ತು. ಓಮ್ನಿಗೆ ಮೂತಿಯೇ ಇಲ್ಲವಲ್ಲ, ಗಾಜು ಮುಗಿದರೆ ರಸ್ತೆಯೇ. ದನ ತಿರುಗಿ ಒಂದು ಸಲ ನೋಡಿ ಹೋಯಿತು. ಮುಂದೆ ಬೈಕಿನವರು ಯಾರಾದರೂ ಇದ್ದಿದ್ದರೆ ಈ ಪತ್ರ ಬರೆಯುವ ಸ್ಥಿತಿಯಲ್ಲಿ ನಾನು ಇರುತ್ತಿರಲಿಲ್ಲ.

ಮನೆಗೆ ತಂದು ನೋಡಿದರೆ ಕ್ಯಾರಿಯರಿನ ಪೈಪುಗಳಿಗೆ ಏನೂ ಆಗಿರಲಿಲ್ಲ. ಅದನ್ನು ಮಾಡಿಗೆ ಹಿಡಿದಿಡುವ ನಾಲ್ಕು ಕ್ಲಾಂಪುಗಳಲ್ಲಿ ಎರಡು ಮುರಿದಿದ್ದವು, ಎರಡೂ ಬಾಗಿಸಿದ ಮೂಲೆಯಲ್ಲೇ. ಮುರಿದ ಜಾಗದಲ್ಲಿ ಅರ್ಧ ಭಾಗ ತುಕ್ಕು ಹಿಡಿದು ಕಂದು ಬಣ್ಣ, ಉಳಿದರ್ಧ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಅಂದರೆ ಬಿರುಕು ಎಷ್ಟೋ ದಿನದಿಂದ ಇತ್ತು. ಪ್ರತಿ ಗುಂಡಿಗೂ ಕೂದಲೆಳೆಯಷ್ಟು ಬಾಯಿ ಬಿಡುತ್ತಾ ಬಂದಿತ್ತು. ಬ್ರೇಕು ಸುಮ್ನೆ ನೆಪ ಅಷ್ಟೇ. ತಗಡಿನ ದಪ್ಪ ಅಳೆದರೆ 2 ಎಂಎಂ!

ಅದನ್ನು ಕೊಂಡಿದ್ದು ಶಿವಮೊಗ್ಗದ ಒಂದು ಅಂಗಡಿಯಲ್ಲಿ. ಹೆಸರು ಬೇಡ. ಮುರಿದ ತುಂಡು ಹಿಡಿದುಕೊಂಡು ಹೋಗಿ, ಇದು ಎಷ್ಟು ಭಾರ ತಡೆಯುತ್ತೆ ಅಂತ ಕೇಳಿದೆ. ‘ಎಲ್ರೂ ಹಾಕ್ತಾರೆ ಸಾರ್, ಏನೂ ಆಗಲ್ಲ’ ಅಂದರು. ಆ ಉತ್ತರಕ್ಕೇ ಈ ಪತ್ರ.

ಆಮೇಲೆ ಕ್ಲಾಂಪುಗಳನ್ನು ನಾನೇ ಮಾಡಿಕೊಂಡೆ. ನಾನು ಮೆಕ್ಯಾನಿಕ್ ಅಲ್ಲ, ಎರಡು ಎಕರೆ ಅಡಕೆಯವನು. ಭದ್ರಾವತಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಸೋದರಮಾವ ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದರು, ಬೈಯಲಿಕ್ಕೆ.

ನಮ್ಮ ಮನೆ ಸೂರಿಗೆ ಅಡಕೆ ದಂಬೆ ಕಟ್ಟುತ್ತೇವಲ್ಲ, ಹಾಗೆ ಓಮ್ನಿಯ ಮಾಡಿನ ಅಂಚಿಗೂ ಮಳೆನೀರು ಹರಿಯಲು ಒಂದು ಸಣ್ಣ ದಂಬೆ ಇದೆ. ಕ್ಲಾಂಪಿನ ಪಾದ ಅದರೊಳಗೆ ಕೂರಬೇಕು. ಹೊರಗಿನಿಂದ ಇನ್ನೊಂದು ಕೊಕ್ಕೆ ದಂಬೆಯ ಅಡಿಗೆ ಸಿಕ್ಕಿಕೊಳ್ಳಬೇಕು. ನಡುವೆ ಒಂದು ಬೋಲ್ಟ್ ಎರಡನ್ನೂ ಒತ್ತಿ ಹಿಡಿಯಬೇಕು. ಇಷ್ಟೇ ವಿದ್ಯೆ. ಮಾಡಿಗೆ ತೂತು ಕೊರೆಯಿರಿ, ಸುಲಭ ಅಂತ ಕೆಲವರು ಹೇಳಿದರು. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಪಕ್ಕದಲ್ಲಿದ್ದುಕೊಂಡು ಗಾಡಿಯ ಮಾಡಿಗೆ ತೂತು ಕೊರೆಯುವುದಾ?

ಮೊದಲು ರಟ್ಟಿನಲ್ಲಿ ಕತ್ತರಿಸಿ ದಂಬೆಗೆ ಕೂರಿಸಿ ನೋಡಿದೆ. ಮೂರು ರಟ್ಟು ಹಾಳಾದ ಮೇಲೆ ಸರಿಯಾದ ಅಳತೆ ಸಿಕ್ಕಿತು. ಗುಜರಿ ಅಂಗಡಿಯಿಂದ 40 ಎಂಎಂ ಅಗಲ, 5 ಎಂಎಂ ದಪ್ಪದ ಕಬ್ಬಿಣದ ಪಟ್ಟಿ ತಂದೆ. ಇದು ಮೀಟರಿಗೆ ಒಂದೂವರೆ ಕೆ.ಜಿ. ಚಿಲ್ಲರೆ ತೂಗುತ್ತದೆ. ಆರು ಕ್ಲಾಂಪು ಮಾಡಿದರೂ ಮೂರು ಕೆ.ಜಿ. ದಾಟಲಿಲ್ಲ. ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದು ಚೂಪಾಗಿ ಬಾಗಿಸಲು ಹೋದೆ. ಮಾವ ಅಲ್ಲೇ ತಡೆದರು. ‘ಕಬ್ಬಿಣ ಸಾಯೋದೇ ಮೂಲೆಯಲ್ಲಿ ಮಾರಾಯ’ ಅಂದರು. ಕುಲುಮೆಗೆ ಒಯ್ದು ಕೆಂಪಗೆ ಕಾಯಿಸಿ, 12 ಎಂಎಂ ಸರಳಿನ ಸುತ್ತ ದುಂಡಗೆ ಬಗ್ಗಿಸಿದೆವು. ಒಳಮೂಲೆಗೆ ಒಂದೊಂದು ತ್ರಿಕೋನದ ತುಂಡು ಇಟ್ಟು ವೆಲ್ಡಿಂಗ್ ಮಾಡಿಸಿದೆ.

ಆದರೂ ಮೊದಲ ಸೆಟ್ಟು ದಂಡವಾಯಿತು. ತೂತನ್ನು ಪಟ್ಟಿಯ ತುದಿಗೆ ತೀರಾ ಹತ್ತಿರ ಕೊರೆದಿದ್ದೆ. ಬೋಲ್ಟ್ ಬಿಗಿ ಮಾಡುತ್ತಿದ್ದ ಹಾಗೆ ತುದಿ ಉಬ್ಬಿ ಬಂತು. 8 ಎಂಎಂ ಬೋಲ್ಟಿಗೆ ತೂತಿನ ನಡುವಿನಿಂದ ತುದಿಗೆ ಕಡಿಮೆ ಅಂದರೂ 16 ಎಂಎಂ ಬಿಡಬೇಕು ಅಂತ ಆಮೇಲೆ ಮಾವ ಹೇಳಿದರು. ಮೊದಲೇ ಹೇಳಬಹುದಿತ್ತು. ಇನ್ನೊಂದು ತಪ್ಪು ನನ್ನದೇ ಜಾಣತನದ್ದು. ಬಣ್ಣ ಕೀಳದಿರಲಿ ಅಂತ ಲಾರಿ ಟ್ಯೂಬನ್ನು ದಂಬೆಯ ಉದ್ದಕ್ಕೂ ಹಾಸಿದ್ದೆ. ಒಂದೇ ಮಳೆಗೆ ನೀರು ಕಟ್ಟಿಕೊಂಡು ಬಾಗಿಲ ಮೇಲೆ ಸುರಿಯಿತು. ಈಗ ಪಾದದ ಅಡಿಗೆ ಮಾತ್ರ ರಬ್ಬರ್, ಉಳಿದ ಕಡೆ ನೀರಿಗೆ ದಾರಿ.

ಬೆಳೆಗಾರರು ಗಮನಿಸಬೇಕಾದ ಒಂದು ವಿಷಯ ಇದೆ. ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಕೊಳೆ ಔಷಧಿ ಬೋರ್ಡೋ ದ್ರಾವಣ ಹದವಾಗಿದೆಯಾ ಅಂತ ನಾವು ಕತ್ತಿ ಅದ್ದಿ ನೋಡುತ್ತೇವೆ. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಹೋದ ವರ್ಷ ಮೈಲುತುತ್ತ ಕರಗಿಸಿದ ಡ್ರಮ್ಮು ಕ್ಯಾರಿಯರ್ ಮೇಲೆ ತುಳುಕುತ್ತಾ ಬಂತು. ಮಾರನೇ ದಿನ ನೋಡಿದರೆ ಬೋಲ್ಟಿನ ತಲೆ ಆ ಕತ್ತಿಯ ಹಾಗೇ ಕೆಂಪು! ಮೈಲುತುತ್ತದ ತಾಮ್ರ ಬಂದು ಕೂತಷ್ಟೂ ಕಬ್ಬಿಣ ಕರಗಿ ಹೋಗಿರುತ್ತದೆ. ಹಾಗಾಗಿ ಡ್ರಮ್ಮು ಈಗ ಗಾಡಿಯ ಒಳಗೆ. ಕ್ಲಾಂಪಿಗೆ ರೆಡ್ ಆಕ್ಸೈಡ್ ಬಳಿಯುವಾಗ ತೂತಿನ ಒಳಗೂ ಬಳಿದೆ.

ಓಮ್ನಿಯ ಅಗಲ ಒಂದೂವರೆ ಮೀಟರ್ ಕೂಡ ಇಲ್ಲ. ಅಗಲಕ್ಕಿಂತ ಎತ್ತರವೇ ಜಾಸ್ತಿ. ಅದರ ತಲೆ ಮೇಲೆ ಭಾರ ಹೇರಿಕೊಂಡು ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿಯುವವರನ್ನು ನೋಡಿದರೆ ಹೊಟ್ಟೆಯಲ್ಲಿ ಹೇಗೋ ಆಗುತ್ತದೆ. ಕ್ಯಾರಿಯರ್ ಸೇರಿ 40 ಕೆ.ಜಿ. ದಾಟಿಸಬಾರದು ಅಂತ ನಾನೇ ಒಂದು ಮಿತಿ ಹಾಕಿಕೊಂಡಿದ್ದೇನೆ. ಏಣಿ ಇದ್ದ ದಿನ ಹಿಂದಿನಿಂದಲೂ ಒಂದು ಹಗ್ಗ ಬಿಗಿಯುತ್ತೇನೆ, ಮುಂದಕ್ಕೆ ಜಾರದಿರಲಿ ಅಂತ. ಕ್ಲಾಂಪು ಎಷ್ಟೇ ಗಟ್ಟಿ ಇರಲಿ, ಅದು ಹಿಡಿದಿರುವುದು ಬರೀ ಒತ್ತಿಕೊಂಡು.

ಮನೆಯಲ್ಲಿ ಮಾಡಿದ್ದೆಲ್ಲ ಅಪಾಯ ಅನ್ನುವವರಿದ್ದಾರೆ. ಅಂಗಡಿಯಲ್ಲಿ ತಂದಿದ್ದು ಮುರಿದ ಮೇಲೇ ನಾನು ಮನೆಯಲ್ಲಿ ಮಾಡಿದ್ದು, ಅಲ್ವಾ? ಗಾಡಿಯ ಮೂಲ ವಿವರ ಬದಲಾಗುವ ಹಾಗೆ ಮಾರ್ಪಾಡು ಮಾಡಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಅದಕ್ಕೇ ನಾನು ಗಾಡಿಯ ಮೈಗೆ ಏನನ್ನೂ ಕೊರೆದಿಲ್ಲ, ಬೆಸೆದಿಲ್ಲ. 13ರ ಪಾನಾ ಇದ್ದರೆ ಹತ್ತು ನಿಮಿಷದಲ್ಲಿ ಎಲ್ಲ ಬಿಚ್ಚಬಹುದು.

ನನ್ನ ಕೋರಿಕೆ ಒಂದೇ. ನಾನು ತಂದ ಬೋಲ್ಟಿನ ತಲೆ ಮೇಲೆ 8.8 ಅಂತ ಅಚ್ಚು ಇದೆ. ಮೊದಲ 8 ಅಂದರೆ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್, ಅಂದರೆ ಸುಮಾರು 80 ಕೆ.ಜಿ. ಎಳೆತ ತಡೆಯುತ್ತದೆ ಅಂತ. ಬೆರಳುದ್ದದ ಬೋಲ್ಟು ತನ್ನ ಶಕ್ತಿ ಎಷ್ಟು ಅಂತ ತಾನೇ ಹೇಳುತ್ತದೆ. ಸಾವಿರಾರು ರೂಪಾಯಿಯ ಕ್ಯಾರಿಯರ್ ಮೇಲೆ ಒಂದು ಅಕ್ಷರ ಇಲ್ಲ. ಮಾರುವವರು, ಮಾಡಿಕೊಡುವ ವೆಲ್ಡಿಂಗ್ ಶಾಪಿನವರು, ಇಷ್ಟು ಕೆ.ಜಿ. ಅಂತ ಅದರ ಮೇಲೆ ಅಚ್ಚು ಹಾಕಲಿ. ಸಾರಿಗೆ ಇಲಾಖೆಯವರು ಅದನ್ನು ಕಡ್ಡಾಯ ಮಾಡಲಿ. 1984ರಲ್ಲಿ ಬಂದ ಈ ವ್ಯಾನಿನ ತಯಾರಿಕೆ 2019ರಲ್ಲೇ ನಿಂತಿದೆ. ನಮ್ಮ ರಸ್ತೆಯಲ್ಲಿರುವುದೆಲ್ಲ ಹಳೆಯವು, ದಂಬೆಗೇ ತುಕ್ಕು ಹಿಡಿದವೂ ಇವೆ. ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಪುಡಿ ಉದುರಿದರೆ ಅಂಥ ಗಾಡಿಗೆ ಯಾವ ಕ್ಲಾಂಪೂ ಬೇಡ.

ನನ್ನ ರಟ್ಟಿನ ಮಾದರಿ ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಓಮ್ನಿ ಇರುವ ಊರಿನವರು ಬಂದು ಅಳತೆ ತೆಗೆದುಕೊಂಡು ಹೋಗುತ್ತಿದ್ದಾರೆ. ಬರುವವರು ಮೇಲಿನ ಸಾಮಾನು ಇಳಿಸಿ ಬನ್ನಿ. ನಮ್ಮ ಮನೆ ದಾರಿಯಲ್ಲಿ ಗುಂಡಿ ಜಾಸ್ತಿ.

ಇಂತಿ,
ಅಡಕೆ ಬೆಳೆಗಾರ,
ಮೇಗರವಳ್ಳಿ, ತೀರ್ಥಹಳ್ಳಿ ತಾಲ್ಲೂಕು